ಕ್ಯಾಶ್
ಮತ್ತೆ ಬೇಕಾದಾಗ ಬೇಗ ಸಿಗಲೆಂದು ಕಂಪ್ಯೂಟರ್ ತೆಗೆದಿಟ್ಟುಕೊಳ್ಳುವ ಪ್ರತಿಗೆ ಈ ಹೆಸರು. ಪದದ ಮೂಲ ಫ್ರೆಂಚ್ ಭಾಷೆಯ ‘ಕಾಶೆ’. ಅಡಗಿಸು, ಬಚ್ಚಿಡು ಎಂದು ಅದರ ಅರ್ಥ. ಉತ್ತರ ಅಮೆರಿಕದ ತುಪ್ಪಳ ಬೇಟೆಗಾರರು ದಿನಸಿ, ಸಾಮಾನು ಬಚ್ಚಿಡುತ್ತಿದ್ದ ಗುಂಡಿಯೂ ಕ್ಯಾಶ್ ಎನಿಸಿಕೊಂಡಿತು. ಆನೇಕಲ್ ಕಡೆಯ ರಾಗಿ ಹಗೇವು ಅದರ ಹತ್ತಿರದ ನೆಂಟ. 1960ರ ದಶಕದ ಕೊನೆಯಲ್ಲಿ ಐಬಿಎಂ ಕಂಪನಿ ತನ್ನ ವೇಗದ ಮೆಮೊರಿಗೆ ಈ ಪದ ಬಳಸಿತು.

ಗೂಗಲ್ ಜಾಲಪುಟಗಳನ್ನು ಓದುವಾಗ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತಿತ್ತು. ಹುಡುಕಾಟದ ಫಲಿತಾಂಶದಲ್ಲಿದ್ದ ‘ಕ್ಯಾಶ್ಡ್’ ಕೊಂಡಿ ಒತ್ತಿದರೆ ಅದು ತೆರೆಯುತ್ತಿತ್ತು. ಪ್ರತಿ ತೆಗೆದ ದಿನ, ಹೊತ್ತು ಮೇಲಿನ ಪಟ್ಟಿಯಲ್ಲಿ ಇರುತ್ತಿತ್ತು. ಜಿಗಣಿಯ ಯಾವುದೋ ಕಾರ್ಖಾನೆಯ ಜಾಲತಾಣ ಕೆಟ್ಟು ನಿಂತರೂ ಅದರ ನೇಮಕಾತಿ ಪುಟವನ್ನು ಹೀಗೆ ಓದಬಹುದಿತ್ತು. ಸಿಗುತ್ತಿದ್ದುದು ಕೊನೆಯ ಪ್ರತಿ ಮಾತ್ರ. 2024ರಲ್ಲಿ ಗೂಗಲ್ ಈ ಕೊಂಡಿಯನ್ನು ತೆಗೆದು, ಅದೇ ವರ್ಷ ವೇಬ್ಯಾಕ್ ಮಷೀನ್ ಎಂಬ ಜಾಲಪುಟ ಸಂಗ್ರಹಕ್ಕೆ ದಾರಿ ಕೊಟ್ಟಿತು. ಅಲ್ಲಿ ಹಳೆಯ ಪ್ರತಿಗಳು ತಾರೀಖುವಾರು ಸಿಗುತ್ತವೆ.

ಕನ್ನಡ ಲಿಪಿಯಲ್ಲಿ ಈ ಕ್ಯಾಶ್‌ಗೂ ನಗದು ಹಣದ ಕ್ಯಾಶ್‌ಗೂ ವ್ಯತ್ಯಾಸ ಕಾಣದು. ಸಂದರ್ಭವೇ ಅರ್ಥ ಹೇಳಬೇಕು. ‘ಕ್ಯಾಶ್ ಕ್ಲಿಯರ್ ಮಾಡು’ ಎಂದರೆ ಹಗುರಾಗುವುದು ಮೊಬೈಲ್, ಗಲ್ಲಾಪೆಟ್ಟಿಗೆಯಲ್ಲ.