ಮೂಳೆಯೊಳಗೆ ಕ್ರೇನ್ ಕಂಡ ಎಂಜಿನಿಯರ್

ಮೂಳೆ ಅಂದ್ರೆ ಪಿಲ್ಲರ್ ಒಳಗಿನ ಕಬ್ಬಿಣದ ಸರಳಿನ ಹಾಗೆ, ಒಮ್ಮೆ ಕಟ್ಟಿದರೆ ಮುಗೀತು ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿರುತ್ತೇವೆ. ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯುವವನು. ಆದರೂ ಈ ಕಲ್ಪನೆ ಬಿದ್ದುಹೋದ ಕಥೆ ನನಗೆ ಇಷ್ಟ. ಯಾಕಂದ್ರೆ ಅದರಲ್ಲಿ ಒಬ್ಬ ಎಂಜಿನಿಯರ್ ಇದ್ದಾರೆ.

1691ರಲ್ಲಿ ಇಂಗ್ಲೆಂಡಿನ ವೈದ್ಯ ಕ್ಲಾಪ್ಟನ್ ಹ್ಯಾವರ್ಸ್, ಗಟ್ಟಿ ಮೂಳೆಯೊಳಗೆ ಉದ್ದಕ್ಕೆ ಸಾಗುವ ಸಣ್ಣ ಕೊಳವೆಗಳನ್ನು ವಿವರಿಸಿದರು. ಅವುಗಳಲ್ಲಿ ಮಜ್ಜೆಯ ಎಣ್ಣೆ ಹರಿಯುತ್ತೆ ಅಂತ ಅವರು ನಂಬಿದ್ದರು. ಅಸಲಿಗೆ ಅಲ್ಲಿರುವುದು ರಕ್ತನಾಳ ಮತ್ತು ನರ. ಪ್ರತಿ ಕೊಳವೆಯ ಸುತ್ತ ಈರುಳ್ಳಿಯಂತೆ ಮೂಳೆಯ ಪದರಗಳು. ಈ ಇಡೀ ಕಟ್ಟಿಗೆ ಆಸ್ಟಿಯಾನ್ ಅಂತಾರೆ. ಅದರ ಅಗಲ ಸುಮಾರು 0.2 ಮಿ.ಮೀ. ಪದರಗಳ ನಡುವೆ ಜೀವಕೋಶಗಳು ಕೂತಿರುತ್ತವೆ. ಅಂದರೆ ಮೂಳೆ ಜೀವಂತ.

ಮುಂದಿನ ತಿರುವು 1866ರ ಹೊತ್ತಿಗೆ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಅಂಗರಚನಾ ತಜ್ಞ ಹರ್ಮನ್ ಫಾನ್ ಮೇಯರ್ ತೊಡೆಮೂಳೆಯ ಮೇಲ್ತುದಿಯನ್ನು ಸೀಳಿ, ಒಳಗಿನ ಜಾಲರಿಯಂಥ ಮೂಳೆಯನ್ನು ತೋರಿಸಿದರು. ಅದನ್ನು ನೋಡಿದ ಎಂಜಿನಿಯರಿಂಗ್ ಪ್ರೊಫೆಸರ್ ಕಾರ್ಲ್ ಕುಲ್ಮನ್‌ಗೆ ಬಾಗಿದ ಕ್ರೇನ್ ನೆನಪಾಯಿತು. ಭಾರ ಹೊತ್ತ ಕ್ರೇನ್‌ನಲ್ಲಿ ಒತ್ತಡ, ಎಳೆತ ಸಾಗುವ ಗೆರೆಗಳು ಅವರ ಲೆಕ್ಕದಲ್ಲಿ ಹೇಗಿದ್ದವೋ, ಜಾಲರಿಯ ಎಳೆಗಳೂ ಹಾಗೇ ಇದ್ದವು!

ಇದೇ ಎಳೆ ಹಿಡಿದ ಬರ್ಲಿನ್ನಿನ ಸರ್ಜನ್ ಯೂಲಿಯಸ್ ವೋಲ್ಫ್, 1892ರಲ್ಲಿ ಇದನ್ನೊಂದು ನಿಯಮವಾಗಿಯೇ ಮಂಡಿಸಿದರು: ಭಾರ ಬದಲಾದರೆ ಮೂಳೆಯ ರಚನೆಯೂ ಬದಲಾಗುತ್ತೆ. ಗಣಿತದ ಕರಾರುವಾಕ್ ನಿಯಮ ಎಂಬ ಅವರ ಹಟ ಮುಂದೆ ನಿಲ್ಲಲಿಲ್ಲ. ಮೂಳೆ ಕ್ರೇನ್‌ನಂತೆ ಒಂದೇ ಸಮನಾದ ಲೋಹವಲ್ಲವಲ್ಲ. ಆದರೆ ಮೂಲ ಮಾತು ಉಳೀತು. ಪದರಗಳ ನಡುವಿನ ಆಸ್ಟಿಯೋಸೈಟ್ ಕೋಶಗಳು ಭಾರವನ್ನು ಗ್ರಹಿಸುತ್ತವೆ. ಆಸ್ಟಿಯೋಕ್ಲಾಸ್ಟ್ ಹಳೇ ಮೂಳೆಯನ್ನು ಕರಗಿಸುತ್ತೆ, ಆಸ್ಟಿಯೋಬ್ಲಾಸ್ಟ್ ಹೊಸದನ್ನು ಕಟ್ಟುತ್ತೆ. ಟೆನಿಸ್ ಆಟಗಾರರಿಗೆ ರಾಕೆಟ್ ಹಿಡಿಯುವ ತೋಳಿನ ಮೂಳೆ ದಪ್ಪ. ಭಾರವೇ ಇಲ್ಲದ ಅಂತರಿಕ್ಷದಲ್ಲಿ, ವ್ಯಾಯಾಮ ಸಾಲದಿದ್ದರೆ, ಸೊಂಟದ ಮೂಳೆ ತಿಂಗಳಿಗೆ ಶೇ. 1ರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಸವೆಯುತ್ತೆ.

ನಾವೇನೂ ಅಂತರಿಕ್ಷದಲ್ಲಿಲ್ಲ, ಪುಣೆ-ಹೈದರಾಬಾದ್‌ಗಳ ಆಫೀಸ್ ಕುರ್ಚಿಯಲ್ಲಿದ್ದೀವಿ. ಆದರೆ ಮೂವತ್ತರ ಆಸುಪಾಸಿಗೆ ಮೂಳೆಯ ಗಳಿಕೆ ಮುಗಿದಿರುತ್ತೆ. ಆಮೇಲೆ ಇರುವ ಗಂಟು ಕಾಯೋದೇ ಕೆಲಸ. ಕ್ಯಾಲ್ಸಿಯಂ ಮಾತ್ರೆ ಅಂದ್ರೆ ಇಟ್ಟಿಗೆ ತಂದು ಹಾಕಿದ ಹಾಗೆ ಅಷ್ಟೇ. ಗೋಡೆ ಎಲ್ಲಿ ಬೇಕು ಅಂತ ಮೇಸ್ತ್ರಿಗೆ ಹೇಳೋದು ನಾವು ಹತ್ತುವ ಮೆಟ್ಟಿಲು, ಎತ್ತುವ ಭಾರ.