ಅಗಳಿಯ ಕಟ್ಟೆಪುರಾಣ

ಭೂಪಟದಲ್ಲಿ ನೋಡಿದರೆ ಆಂಧ್ರಪ್ರದೇಶ ಕರ್ನಾಟಕದೊಳಕ್ಕೆ ಕಾಲು ಚಾಚಿ ಕೂತಂತೆ ಕಾಣುತ್ತದೆ ಮಡಕಶಿರಾ ಸೀಮೆ. ಒಂದು ಕಡೆ ಶಿರಾ, ಒಂದು ಕಡೆ ಮಧುಗಿರಿ, ಇನ್ನೊಂದು ಕಡೆ ಪಾವಗಡ. ಶಿರಾದ ಮಗ್ಗುಲಿಗೇ ಇರುವ ಊರು ಅಗಳಿ. ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ಇವೆರಡರ ನಡುವೆ ಊರಿನ ಅರಳಿಕಟ್ಟೆಗೆ ಒಂದು ಹೆಚ್ಚಿನ ಕೆಲಸ ಬಿತ್ತು.

ಕನ್ನಡ ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಅಗಳಿಗೆ ನೆರೆಯ ಅಮರಾಪುರಂ ಮಂಡಲದ ಹೇಮಾವತಿ ಸಾವಿರ ವರ್ಷದ ಹಿಂದೆ ನೊಳಂಬರ ರಾಜಧಾನಿ ಹೆಂಜೇರು. ಅವರ ಶಾಸನಗಳು ಕನ್ನಡದಲ್ಲಿವೆ. 1800ರಲ್ಲಿ ನಿಜಾಮ ಈ ನಾಡನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಸೀಮೆ ಬಳ್ಳಾರಿ ಜಿಲ್ಲೆಗೆ ಸೇರಿತು. 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾದಾಗ ಮಡಕಶಿರಾ ಅದರ ಪಾಲಿಗೆ ಬಂತು. ರಾಯದುರ್ಗದಂಥ ತಾಲ್ಲೂಕುಗಳು ಬಳ್ಳಾರಿಯಲ್ಲೇ ಉಳಿದು, 1953ರ ಅಕ್ಟೋಬರ್ 1ರಂದು ಹೊಸ ಆಂಧ್ರ ರಾಜ್ಯಕ್ಕೆ ಹೋದವು. 1985ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಮಂಡಲಗಳನ್ನು ಮಾಡಿದ ಮೇಲೆ ಮಂಡಲದ ಕಚೇರಿ ಅಗಳಿಗೇ ಬಂತು. 2022ರಲ್ಲಿ ಅನಂತಪುರ ಒಡೆದು ಸೀಮೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಇಷ್ಟು ಸಲ ಮೇಲಿನ ಬೋರ್ಡು ಬದಲಾದರೂ ಸಂಜೆಯ ಹರಟೆಯ ಭಾಷೆ ಬದಲಾಗಲಿಲ್ಲ.

ಅರಳಿಯ ಜೊತೆಗೆ ಬೇವು ನೆಟ್ಟು, ಎರಡಕ್ಕೂ ಮದುವೆ ಮಾಡಿ, ಬುಡಕ್ಕೆ ಕಲ್ಲಿನ ಕಟ್ಟೆ ಕಟ್ಟಿ ನಾಗರಕಲ್ಲು ನಿಲ್ಲಿಸುವುದು ಈ ಭಾಗದ ಹಳೆಯ ವಾಡಿಕೆ. ಕಟ್ಟಿಸಿದವರಿಗೆ ಪುಣ್ಯ, ಕೂತವರಿಗೆ ನೆರಳು. ನ್ಯಾಯ ಪಂಚಾಯ್ತಿ ಎಂದೋ ಒಂದು ದಿನ. ಮಿಕ್ಕ ದಿನವೆಲ್ಲ ಅಲ್ಲಿ ನಡೆದದ್ದು ಮಳೆ, ಬೀಜ, ಎತ್ತು, ಸಾಲ, ಸಂಬಂಧಗಳ ಮಾತು.

ಆ ಮಾತಿಗೆ ಪಂಚಾಂಗ ಮಳೆನಕ್ಷತ್ರದ್ದು. ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ, ಮಳೆಗೊಂದು ಗಾದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವುದು ಏಪ್ರಿಲ್ ಕೊನೆಯ ಆಸೆ. ಆರಿದ್ರ ಮಳೆ ಆರದೆ ಹುಯ್ಯುತ್ತದೆ ಎನ್ನುವುದು ಜೂನ್ ಕೊನೆಯ ನಂಬಿಕೆ. ದೇಶದಲ್ಲೇ ತೀರ ಕಡಿಮೆ ಮಳೆಯ ಜಿಲ್ಲೆಗಳಲ್ಲಿ ಒಂದಾದ ಅನಂತಪುರದಲ್ಲಿ ಇವು ಎಷ್ಟೋ ವರ್ಷ ಸುಳ್ಳಾಗಿವೆ. ಅದಕ್ಕೇ ಕಟ್ಟೆಯ ಹಿರಿಯರು ಗಾದೆಯ ಹಿಂದೆಯೇ ಒಂದು ಕಿವಿಮಾತು ಸೇರಿಸುತ್ತಿದ್ದರು: “ಹದ ನೋಡ್ಕಂಡು ಬಿತ್ತಪ್ಪ.” ಹದ ನೋಡುವುದೆಂದರೆ ಮಣ್ಣನ್ನು ಅಂಗೈಯಲ್ಲಿ ಹಿಡಿದು ಉಂಡೆ ಕಟ್ಟುವುದು. ಉಂಡೆ ನಿಂತರೆ ಸರಿ, ಉದುರಿದರೆ ಇನ್ನೊಂದು ಮಳೆ ಕಾಯಬೇಕು.

ಕಡಲೆಕಾಯಿ ಜಿಲ್ಲೆಯ ತುಂಬ ಹಬ್ಬಿದ ಮೇಲೆ ಮಾತಿನ ವಿಷಯವೂ ಹೊಸದಾಯಿತು. ತಮಿಳುನಾಡಿನ ತಿಂಡಿವನಂ ಕೇಂದ್ರ 1940ರಲ್ಲಿ ಕೊಟ್ಟ ಟಿಎಂವಿ-2 ತಳಿಯನ್ನು ಇಲ್ಲಿನ ರೈತರು ದಶಕಗಳ ಕಾಲ ಬಿಡಲಿಲ್ಲ. ಜಿಲ್ಲೆಯದೇ ಆದ ಕದಿರಿ ಸಂಶೋಧನಾ ಕೇಂದ್ರದ ಹೊಸ ತಳಿಗಳು ಬಂದಾಗಲೂ, ಪಕ್ಕದ ಹೊಲದವನು ಹಾಕಿ ಏನಾಯಿತು ಎಂದು ಕೇಳಿಯೇ ಮುಂದುವರಿದರು. ಕೀಳುವ ಹೊತ್ತಿಗಂತೂ ಮಾತಿಗೆ ಸಾಕ್ಷಿ ಬೇಕು. ಒಂದು ಗಿಡ ಕಿತ್ತು ತಂದು, ಕಾಯಿ ಒಡೆದು, ಸಿಪ್ಪೆಯ ಒಳಮೈ ಕಪ್ಪಾಗಿದೆಯೇ ನೋಡುತ್ತಾರೆ. ಬೆಳ್ಳಗಿದ್ದರೆ, “ಇನ್ನೊಂದು ವಾರ ತಡಿ ಮಾವ.” ಕಟ್ಟೆಯಲ್ಲಿ ಸಲಹೆ ಪುಕ್ಕಟೆ, ಆದರೆ ಕೊಟ್ಟವನ ಹೊಲ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಅವನದೇ ಬೆಳೆ ಒಣಗಿದ್ದರೆ ಮರುವರ್ಷ ಅವನ ಮಾತಿಗೆ ಕಿಮ್ಮತ್ತಿಲ್ಲ.

ಈ ಹರಟೆಯನ್ನೇ ಸರ್ಕಾರ ಒಮ್ಮೆ ಯೋಜನೆ ಮಾಡಿತು. 1956ರಲ್ಲಿ ಪುಣೆ ಆಕಾಶವಾಣಿ ಸುಮಾರು 150 ಹಳ್ಳಿಗಳಲ್ಲಿ ರೇಡಿಯೊ ಗುಂಪುಗಳನ್ನು ಕಟ್ಟಿತು. ಕೃಷಿ ಕಾರ್ಯಕ್ರಮ ಕೇಳುವುದು, ಕೂತು ಚರ್ಚಿಸುವುದು, ಆಮೇಲೆ ಮಾಡಿ ನೋಡುವುದು. ಯುನೆಸ್ಕೊ ನೆರವಿನ ಈ ಪ್ರಯೋಗ ಮುಂದೆ ದೇಶದ ಬೇರೆ ಕಡೆಗೂ ಹೋಯಿತು. ಕರ್ನಾಟಕದ ಪುತ್ತೂರಿನಲ್ಲಿ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರೈತನ ಕೈಗೇ ಲೇಖನಿ ಕೊಟ್ಟಿತು. ಅಗಳಿ ಸೀಮೆಯಲ್ಲಿ ಭಾಷೆಯ ತೊಡಕೂ ಇತ್ತು, ಕಟ್ಟೆಗೆ ಬಿದ್ದ ಹೆಚ್ಚಿನ ಕೆಲಸ ಅದೇ. ಸಬ್ಸಿಡಿಯದೋ ಬೆಳೆವಿಮೆಯದೋ ಕಾಗದ ತೆಲುಗಿನಲ್ಲಿ ಬರುತ್ತದೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಅದನ್ನು ಓದಿ ಹೇಳುವವರೊಬ್ಬರು ಬೇಕು. ಓದಿದವನು ಅರ್ಥ ಹೇಳುವಾಗ ತನ್ನ ಅಭಿಪ್ರಾಯವನ್ನೂ ಸೇರಿಸದೆ ಬಿಡುವುದಿಲ್ಲ.

ಕಟ್ಟೆ ಎಲ್ಲರದೂ ಆಗಿರಲಿಲ್ಲ. ಕೆಳಜಾತಿಯವರು ಅಲ್ಲಿ ಸಮಕ್ಕೆ ಕೂರುವಂತಿರಲಿಲ್ಲ. ಹೆಂಗಸರ ಮಾತು ಬಾವಿಕಟ್ಟೆ, ಒರಳುಕಲ್ಲು, ಕಳೆ ಕೀಳುವ ಸಾಲುಗಳಲ್ಲಿ ನಡೆಯುತ್ತಿತ್ತು. ಆ ಮಾತಿನ ಬಲ ಕಂಡದ್ದು ಇದೇ ರಾಜ್ಯದ ನೆಲ್ಲೂರು ಜಿಲ್ಲೆಯಲ್ಲಿ. 1992ರಲ್ಲಿ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಅಕ್ಷರ ಕಲಿಯುವ ತರಗತಿಯಲ್ಲಿ ಕೂತು ಮನೆಯ ಗೋಳು ಹಂಚಿಕೊಳ್ಳುತ್ತ ಸಾರಾಯಿ ಅಂಗಡಿ ಮುಚ್ಚಿಸಿದರು. ಚಳವಳಿ ಊರಿಂದ ಊರಿಗೆ ಹಬ್ಬಿ, 1993ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಸಾರಾಯಿಯೇ ನಿಂತಿತು. ಅದೇ ಹೊತ್ತಿನಲ್ಲಿ ಬೆಳೆದ ಉಳಿತಾಯದ ಸಂಘಗಳು ಹೆಂಗಸರ ಮಾತಿಗೆ ಗೊತ್ತಾದ ದಿನ, ಗೊತ್ತಾದ ಜಾಗ ಕೊಟ್ಟವು. ಸಾಲದ ಕಂತು ಕಟ್ಟಲು ಬಂದವರು ಸೀಮೆಹಸು ತರಬೇಕೋ ಕುರಿ ತರಬೇಕೋ ಎಂದು ಕೇಳಿಕೊಂಡು ಹೋಗುತ್ತಾರೆ.

ಈಗ ಅಡಿಕೆ ಧಾರಣೆ ತುಮಕೂರಿನಿಂದಲೂ ರೇಷ್ಮೆಗೂಡಿನ ದರ ಹಿಂದೂಪುರದಿಂದಲೂ ನೇರವಾಗಿ ಫೋನಿಗೇ ಬರುತ್ತದೆ. ಯಾವ ಮಂಡಿಯಲ್ಲಿ ತೂಕ ಸರಿ, ಯಾರು ದುಡ್ಡು ಎಣಿಸಿ ಕೈಗಿಡುತ್ತಾರೆ, ಯಾರು ಮುಂದಿನ ವಾರ ಬಾ ಎನ್ನುತ್ತಾರೆ ಎಂಬುದನ್ನು ಮಾತ್ರ ಹೋಗಿಬಂದವರನ್ನೇ ಕೇಳಬೇಕು.