ವಾರ್ಡನ್ ಹಾಕಿದ ಸಹಿ



ಆಪರೇಷನ್‌ಗೆ ಮುಂಚೆ ಒಂದು ಹಾಳೆ ಮುಂದಿಟ್ಟು "ಇಲ್ಲಿ ಸೈನ್ ಹಾಕಿ" ಅಂತಾರಲ್ಲ, ಆ ಹಾಳೆಗೂ ಒಂದು ಚರಿತ್ರೆ ಇದೆ. ಅದರ ತುಂಬ ನಮ್ಮಂಥವರ ಹೆಬ್ಬೆಟ್ಟುಗಳಿವೆ.

2009ರ ಜುಲೈ. ಆಗಿನ್ನೂ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆ. ಅಮೆರಿಕದ ಪಾಥ್ ಸಂಸ್ಥೆ, ಐಸಿಎಂಆರ್, ರಾಜ್ಯ ಸರ್ಕಾರ ಸೇರಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿದ್ರು. ಗರ್ಭಕಂಠದ ಕ್ಯಾನ್ಸರ್ ತಡೆಯೋ ಲಸಿಕೆ ಅದು. ಗುಜರಾತಿನ ವಡೋದರದಲ್ಲೂ ಇದೇ ಯೋಜನೆ ನಡೀತು. ಖಮ್ಮಂನಲ್ಲಿ ಎಷ್ಟೋ ಮಕ್ಕಳು ಆಶ್ರಮ ಶಾಲೆ, ಹಾಸ್ಟೆಲ್‌ಗಳ ಆದಿವಾಸಿ ಮಕ್ಕಳು. ಇದೊಂದು ಅಧ್ಯಯನ ಅಂತ ಅವರಿಗೆ ಯಾರು ಬಿಡಿಸಿ ಹೇಳಿದ್ರು?

ಏಳು ಹುಡುಗಿಯರು ತೀರಿಕೊಂಡರು. ಸಾವಿಗೆ ಲಸಿಕೆ ಕಾರಣ ಅಲ್ಲ ಅಂತ ತನಿಖೆ ಹೇಳಿತು. ಇರಲಿ, ನಾನು ಲಸಿಕೆಯ ವಿರೋಧಿಯಲ್ಲ. ನನ್ನ ತಕರಾರು ಆ ಹಾಳೆಯ ಬಗ್ಗೆ.

2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ತನ್ನ 72ನೇ ವರದಿಯಲ್ಲಿ ಆಂಧ್ರದ ಒಪ್ಪಿಗೆ ಪತ್ರಗಳ ಲೆಕ್ಕ ಕೊಟ್ಟಿತು. ಒಟ್ಟು 9,543. ಹೆಬ್ಬೆಟ್ಟು ಒತ್ತಿದ್ದು 1,948. ಹಾಸ್ಟೆಲ್ ವಾರ್ಡನ್ ಸಹಿ ಹಾಕಿದ್ದು 2,763! ಮುಖ್ಯೋಪಾಧ್ಯಾಯರೇ ಸಹಿ ಹಾಕಲಿ ಅಂತ ಸರ್ಕಾರದ ಸುತ್ತೋಲೆಯೇ ಇತ್ತು. ಅಪ್ಪ ಅಮ್ಮ ಊರಲ್ಲಿ ಕೂಲಿ ಮಾಡ್ತಿದ್ರೆ ಮಗಳ ಮೈಮೇಲಿನ ಹಕ್ಕು ವಾರ್ಡನ್‌ಗೆ ಹೋಗಿಬಿಡುತ್ತಾ? ನಾನೂ ಹಾಸ್ಟೆಲ್‌ನಲ್ಲಿ ಬೆಳೆದವನು. ವಾರ್ಡನ್‌ಗೆ "ಯಾಕೆ ಸಾರ್" ಅಂತ ಕೇಳಿದ ಹುಡುಗನ್ನ ನಾನಂತೂ ಕಂಡಿಲ್ಲ.

ಕಾನೂನು ಇರಲಿಲ್ಲ ಅನ್ನೋ ಹಾಗಿಲ್ಲ. 2008ರ ಜನವರಿಯಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು: ಚಿಕಿತ್ಸೆ ಏನು, ಯಾಕೆ, ಅಪಾಯ ಏನು, ಬೇರೆ ದಾರಿ ಇದೆಯಾ ಅಂತ ತಿಳಿಸದೆ ಪಡೆದದ್ದು ಒಪ್ಪಿಗೆಯಲ್ಲ. ಆಕೆ ಅರಿವಳಿಕೆಯಲ್ಲಿದ್ದಾಗ ಹೊರಗೆ ಕೂತಿದ್ದ ತಾಯಿಯನ್ನು ಕೇಳಿ ಗರ್ಭಕೋಶ ತೆಗೆದಿದ್ದರು. ಹೆತ್ತ ತಾಯಿಯ ಒಪ್ಪಿಗೆಯೇ ಅಲ್ಲಿ ನಿಲ್ಲಲಿಲ್ಲ.

2012ರಲ್ಲಿ ಬಿಹಾರದ ಅರಾರಿಯಾದ ಒಂದು ಶಾಲೆಯಲ್ಲಿ ರಾತ್ರೋರಾತ್ರಿ 53 ಹೆಂಗಸರಿಗೆ ಸಂತಾನಹರಣ ಚಿಕಿತ್ಸೆ ಮಾಡಿದ್ರು. ಆ ಕೇಸಿನಲ್ಲಿ ದೇವಿಕಾ ಬಿಸ್ವಾಸ್ ಹೋರಾಡಿದ ಫಲವಾಗಿ 2016ರಲ್ಲಿ ಕೋರ್ಟ್ ಹೇಳಿದ್ದು: ಅವರಿಗೆ ಅರ್ಥವಾಗೋ ಭಾಷೆಯಲ್ಲಿ ವಿವರಿಸಿ, ಯೋಚಿಸೋಕೆ ಒಂದು ಗಂಟೆಯಷ್ಟಾದ್ರೂ ಸಮಯ ಕೊಡಿ.

ಹೋದ ವರ್ಷ ನಮ್ಮ ಚಿಕ್ಕಮ್ಮನಿಗೆ ಆಪರೇಷನ್ ಇತ್ತು. ಫಾರಂ ಪೂರ್ತಿ ಇಂಗ್ಲಿಷ್‌ನಲ್ಲಿ. ಇಂಕ್ ಪ್ಯಾಡ್ ಆಗಲೇ ತೆರೆದಿಟ್ಟಿದ್ರು. "ಸ್ವಲ್ಪ ಓದಿ ಹೇಳಿ ಮೇಡಂ" ಅಂದೆ. "ಎಲ್ಲರೂ ಹಾಕ್ತಾರಲ್ವಾ, ನಿಮ್ದೇನು?" ಅಂದ್ರು. ನಾವು ಕದಲಲಿಲ್ಲ. ಕೊನೆಗೆ ಡಾಕ್ಟರೇ ಬಂದು ಹತ್ತು ನಿಮಿಷ ಕೂತು ಕನ್ನಡದಲ್ಲಿ ಹೇಳಿದ್ರು. ಚಿಕ್ಕಮ್ಮ ಎರಡು ಪ್ರಶ್ನೆ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿದ್ರು.